ದರ್ಜಿ ಹಕ್ಕಿಯ ಹೆಸರು, ನನ್ನ ಪಿತ್ತ

ಸಿಟ್ಟು ಬರಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಈ ಸಲ ಬೊಗಸೆಯೂ ತುಂಬದ ಒಂದು ಹಕ್ಕಿ ಸಾಕಾಯಿತು. ಮರಾಠಿ ಸೀಮೆಯ ವಾಕಡದಲ್ಲಿರುವ ನಮ್ಮ ಮೊದಲ ಮಹಡಿಯ ಬಾಲ್ಕನಿಯಲ್ಲಿ ಹೆಂಡತಿ ಧಾರವಾಡದ ಬೀಜ ತಂದು ಬದನೆ ಬೆಳೆಸಿದ್ದಾಳೆ. ಅದರ ಎಲೆಗಳನ್ನೇ ಹೊಲಿದು ದರ್ಜಿ ಹಕ್ಕಿ ಗೂಡು ಕಟ್ಟಿ ಮರಿ ಮಾಡಿತ್ತು. ಅಷ್ಟರಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಯುವವರು ಬಂದರು. ಮರುದಿನ ಬೆಳಿಗ್ಗೆಯೊಳಗೆ ಬಾಲ್ಕನಿ ಖಾಲಿ ಮಾಡಬೇಕೆಂದು ಸೊಸೈಟಿಯ ಅಪ್ಪಣೆ. ಕುಂಡ ಎತ್ತಿದರೆ ಮರಿಗಳ ಗತಿ ಮುಗಿಯಿತು.

"ಸೆಕ್ರೆಟರಿಗೆ ಹೇಳಿ ಬರ್ರಿ, ನಮ್ಮ ಬಾಲ್ಕನಿಗೆ ಬಣ್ಣ ಎಲ್ಲಾದಕಿಂತ ಕಡೀಕ ಹಚ್ರಿ ಅಂತ. ಅಷ್ಟ ಮಾತಾಡ್ರಿ," ಎಂದು ಹೆಂಡತಿ ಕಳಿಸಿದಳು.

ಮಾತಿಗೆ ಸ್ವಲ್ಪ ವಜನು ಇರಲೆಂದು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಹಕ್ಕಿಯ ವೈಜ್ಞಾನಿಕ ಹೆಸರು ಹುಡುಕಿದೆ. ಆರ್ಥೊಟೋಮಸ್ ಸುಟೋರಿಯಸ್. ಅರ್ಥ ಓದಿದ್ದೇ ಪಿತ್ತ ನೆತ್ತಿಗೇರಿತು. ಮೊದಲ ಪದಕ್ಕೆ ನೆಟ್ಟಗೆ ಕತ್ತರಿಸುವುದು ಎಂದರ್ಥವಂತೆ. ಈ ಬಡಪಾಯಿ ಯಾವ ಬಟ್ಟೆ ಕತ್ತರಿಸಿತ್ತು? ಎರಡನೆಯದಕ್ಕೆ ಜೋಡು ಹೊಲಿಯುವವ, ಅಂದರೆ ಚಪ್ಪಲಿ ಹೊಲಿಯುವವ! ನನ್ನಪ್ಪ ಖಡಕಿಯಲ್ಲಿ ಸಿಪಾಯಿಗಳ ಅಂಗಿ ಹೊಲಿದು ನಮ್ಮನ್ನು ಸಾಕಿದ ದರ್ಜಿ. ಜೋಡಿನ ಕೆಲಸ ಕಡಿಮೆಯದೆಂದು ಅವನೂ ಅನ್ನಲಿಲ್ಲ, ನಾನೂ ಅನ್ನುವುದಿಲ್ಲ. ಆದರೆ ದರ್ಜಿಯ ಹೊಲಿಗೆಯನ್ನು ಇನ್ನೊಬ್ಬರ ಹೆಸರಿಗೆ ಬರೆದರೆ ಸುಮ್ಮನಿರಲೇ? ಮುಂದೆ ಓದಿದರೆ ಕೆಂಪು ಮುನಿಯ ಎಂಬ ಇನ್ನೊಂದು ಹಕ್ಕಿಯ ಕಥೆ ಇನ್ನೂ ಚಂದ. ಅದನ್ನು ಅಹಮದಾಬಾದಿನ ಕಡೆಯಿಂದ ಪಂಜರದಲ್ಲಿ ಪರದೇಶಕ್ಕೆ ಕಳಿಸುತ್ತಿದ್ದರಂತೆ, ಅದಕ್ಕೇ ಆ ಊರ ಹೆಸರನ್ನು ತಿರುಚಿ ಅಮಂಡಾವಾ ಎಂದಿಟ್ಟರು, ಅದೂ ಹೆಸರಿನ ಎರಡೂ ಪದಕ್ಕೆ ಅದೇ. ಹಿಡಿದು ಮಾರಿದ ಊರನ್ನೇ ಹಕ್ಕಿಯ ಹಣೆಗೆ ಅಂಟಿಸಿದರಲ್ಲ, ಇವರ ಬಾಯಿಗೆ ಮಣ್ಣು ಹಾಕ!

ಸೆಕ್ರೆಟರಿ ಚಾಕಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮರಾಠಿ ಮನುಷ್ಯ, ಮಾತು ಕಡಿಮೆ. ಖಡಕಿಯ ಗಲ್ಲಿಯಲ್ಲಿ ಕಲಿತ ನನ್ನ ಮರಾಠಿ ಬೈಯಲಿಕ್ಕೇ ಚೆನ್ನಾಗಿ ಒಗ್ಗುತ್ತದೆ. ಅವರೆದುರು ಹೆಸರಿಟ್ಟ ಪಂಡಿತರ ಜನ್ಮ ಜಾಲಾಡಿದೆ. ಅವರು ಚಹಾ ಕೊಟ್ಟರು, ಕುಡಿದು ಇನ್ನಷ್ಟು ಬೈದೆ. ಮನೆಗೆ ಬಂದ ಮೇಲೆ ಹೆಂಡತಿ, "ಏನಂದ್ರು?" ಎಂದಳು. ಆಗ ನೆನಪಾಯಿತು, ಬಾಲ್ಕನಿಯ ಮಾತನ್ನೇ ಎತ್ತಿರಲಿಲ್ಲ. ಅವಳು ನನ್ನನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ತಾನೇ ಹೋಗಿ, ಚಹಾ ಕೂಡ ಕುಡಿಯದೆ ಒಪ್ಪಿಸಿ ಬಂದಳು.

ಬಣ್ಣದವರು ಮರೆತು ಕೈ ಹಾಕದಂತೆ ಬೆಳಿಗ್ಗೆ ಕಾವಲು ಕೂರುವ ಶಿಕ್ಷೆ ನನಗೆ. ಗೂಡನ್ನು ಹತ್ತಿರದಿಂದ ನೋಡಿದ್ದು ಆಗಲೇ. ಅಪ್ಪನ ಹೊಲಿಗೆಯಂತೆ ಉದ್ದಕ್ಕೆ ಓಡುವ ದಾರ ಅಲ್ಲಿರಲಿಲ್ಲ. ಎಲೆಗೆ ಕೊಕ್ಕಿನಿಂದ ಒಂದು ತೂತು, ತೂತಿನಲ್ಲಿ ಒಂದು ಎಳೆ, ಹೊರಗೆ ಅದು ಜಾರದಂತೆ ಒಂದು ಉಂಡೆ, ಆಮೇಲೆ ಬೇರೆಯೇ ತೂತು. ದಬ್ಬಣ ಚುಚ್ಚಿ ಜೋಡು ಹೊಲಿಯುವ ರೀತಿಯೇ ಅದು. ಹೆಸರಿಟ್ಟ ಪುಣ್ಯಾತ್ಮ ಗೂಡು ನೋಡಿಯೇ ಇಟ್ಟಿದ್ದನೋ ಏನೋ. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಕೆಳಗೆ ಸೆಕ್ರೆಟರಿ ಒಂದು ರಟ್ಟು ತೂಗುಹಾಕಿಸಿದ್ದರು: ಇಲ್ಲಿ ಜೋಡು ಹೊಲಿಯುವ ಹಕ್ಕಿ ಇದೆ, ಮುಟ್ಟಬೇಡಿ ಎಂದು ಮರಾಠಿಯಲ್ಲಿ. ನನ್ನ ಭಾಷಣದಲ್ಲಿ ಅವರಿಗೆ ನೆನಪುಳಿದದ್ದು ಅಷ್ಟೇ. ಮರಿಗಳು ಹಾರಿಹೋದವು, ಬಣ್ಣವೂ ಆಯಿತು. ದರ್ಜಿಯ ಮಗನಾದ ನನ್ನನ್ನು ಈಗ ಇಡೀ ಸೊಸೈಟಿ ಕರೆಯುವುದು 'ಜೋಡೇವಾಲೇ ಕಾಕಾ' ಎಂದೇ.