ಸಾಂಬ್ರಾದಿಂದ ಹೈದರಾಬಾದಿಗೆ ಒಂದೂಕಾಲು ತಾಸು

ಖಾನಾಪುರದಾಗ ನಂದೊಂದು ಬಾಡಿಗಿ ಕಾರು ಐತ್ರಿ. ವಿಮಾನ ಹಿಡಿಯಾವರು ಹತ್ತಿದ ದಿನ ಏನರ ಒಂದು ಫಜೀತಿ ಆಗೂದ. ಆದರ ಒಬ್ಬಾಕಿ ಕಾಕು ಕಡಿಂದ ಒಂದ ದಿನದಾಗ ಮೂರು ಆದೂ.

ಕಾಕು ಅಂದ್ರ ನಮ್ಮ ಕಡೆ ಚಿಗವ್ವ; ಈಕಿ ನಂದಗಡದಾಕಿ. ಹೈದರಾಬಾದಿನ್ಯಾಗ ಮಗಳಿಗೆ ಮಧ್ಯಾಹ್ನ ಎರಡಕ್ಕ ಆಪರೇಷನ್ ಮಾಡಿ ಕೂಸು ತಗಿಯೋದಿತ್ತು. "ಅವ್ವ ಬರೂತನಕ ನಾ ಒಳಗ ಹೋಗಂಗಿಲ್ಲ" ಅಂತ ಆ ಹುಡುಗಿ ಹಟ ಹಿಡಿದಿತ್ತು. ವಿಮಾನ ಹನ್ನೊಂದಕ್ಕ, ಹತ್ತರೊಳಗ ನಾವು ಬೆಳಗಾವಿ ಆಚೆ ಸಾಂಬ್ರಾ ವಿಮಾನ ನಿಲ್ದಾಣದಾಗ ಇರಬೇಕು.

೧. ಮೊದಲ ಹೊಂಟ ಚೀಲ

ಎಂಟಕ್ಕ ಮನಿ ಮುಂದ ಕಾರ ನಿಲ್ಲಿಸಿದೆ. ಕಾಕು ಬರಿಗೈಲೆ ಬಂದು ಕುಂತ್ಲು.

"ಚೀಲ ಎಲ್ಲೈತ್ರಿ?"

"ಅದು ನಿನ್ನೇನ ಹೊಂಟೈತಿ ತಮ್ಮಾ. ಇವತ್ತು ಗಳಿಗಿ ಚಲೋ ಇಲ್ಲ. ನಿನ್ನೆ ಒಳ್ಳೇ ಗಳಿಗ್ಯಾಗ ಬಾಜು ಮನ್ಯಾಗ ಇಟ್ಟು ಬಂದೀನಿ. ಅಂದ್ರ ನಾ ನಿನ್ನೇನ ಹೊಂಟಂಗ."

ಬಾಜು ಮನಿಗೆ ಕೀಲಿ. ಆ ಮನಿ ಅಕ್ಕ ಸಂತಿಗೆ ಹೋಗ್ಯಾಳ. ಆಧಾರ ಕಾರ್ಡ್ ಚೀಲದಾಗ. ಸಂತ್ಯಾಗ ಓಡ್ಯಾಡಿ, ಬದನಿಕಾಯಿ ಆರಿಸಾಕತ್ತಿದ್ದ ಅಕ್ಕನ್ನ ಹಿಡಕೊಂಡು ಬಂದೆ. ಆಕಿ ಕೀಲಿ ತಗದು, ಚೀಲ ಹಿಡಕೊಂಡು ಬಾಗಲಾಗ ನಿಂತು ಅಂದ್ಲು, "ಇಷ್ಟು ದೂರ ಹೊಂಟೀರಿ, ಕುಂದರ್ರಿ, ಒಂದ ಕಪ್ಪು ಚಾ ಇಡ್ತೀನಿ."

೨. ಡ್ರೈವರಗ ಫೋನ್

ನಂದಗಡದಿಂದ ಸಾಂಬ್ರಾಕ್ಕ ಒಂದೂಕಾಲು ತಾಸು. ಸಾಂಬ್ರಾದಿಂದ ಹೈದರಾಬಾದಿಗೂ ಒಂದೂಕಾಲ ತಾಸು. ಖಾನಾಪುರ ದಾಟಿದಾಗ ಒಂಬತ್ತು ಹೊಡದಿತ್ತು. ಮುಂದ ಕಬ್ಬಿನ ಟ್ರ್ಯಾಕ್ಟರ್, ಹಿಂದಿಂದ ಮಗಳ ಫೋನ್ ಮ್ಯಾಲ ಫೋನ್. ಕಾಕುನ ನನಗ ಧೈರ್ಯ ಹೇಳಿದ್ಲು.

"ಗಾಬರಿ ಆಗಬ್ಯಾಡ. ನಮ್ಮ ಬಸ್ಸಿಗೆ ಮಾಡಿದಂಗ ವಿಮಾನದ ಡ್ರೈವರಗ ಒಂದ ಫೋನ್ ಮಾಡು. ಕ್ರಾಸಿನ್ಯಾಗ ಬಂದೀವಿ, ಐದ ಮಿನಿಟ ನಿಂದರು ಅನ್ನು."

"ವಿಮಾನ ಹಂಗ ನಿಂದ್ರಂಗಿಲ್ರಿ ಕಾಕು."

"ಆತು ಬಿಡು. ಮ್ಯಾಲ ಟ್ರ್ಯಾಕ್ಟರ್ ಇರಂಗಿಲ್ಲ. ಜೋರ ಹೊಡದು ಹೊಂದಿಸಿಕೋತಾನ."

೩. ಮನಿ ಮುಟ್ಟಿದಿಯೇನು?

ಹತ್ತಕ್ಕ ಮೂರು ಮಿನಿಟ ಇದ್ದಾಗ ಕಾಕುನ್ನ ಒಳಗ ನೂಕಿದೆ ಅನ್ರಿ. ಹೊಳ್ಳಿ ಬೆಳಗಾವಿಗೆ ಬಂದ್ರ ಮೆರವಣಿಗಿ, ರಸ್ತೆ ಬಂದ್. ಎರಡು ತಾಸು ಅಲ್ಲೇ. ಊರು ದಾಟಿದೆ, ಟಾಯರ್ ಪಂಕ್ಚರ್. ಸ್ಟೆಪ್ನಿಗೂ ಗಾಳಿ ಇಲ್ಲ. ಬಿಸಲಾಗ ಗಾಲಿ ಬಿಚ್ಚಿಟ್ಟು ಕುಂತೆ. ಅದರ ಚಿಂತಿ ಇರಲಿಲ್ಲ, ಕಾಕು ಮಗಳ ಹಂತ್ಯಾಕ ಹೋದಳೋ ಇಲ್ಲೋ ಅಂತ ಗಳಿಗಿಗೊಮ್ಮೆ ಫೋನ್ ನೋಡಾಕತ್ತಿದ್ದೆ.

ಎರಡಕ್ಕ ಐದು ಮಿನಿಟ ಇದ್ದಾಗ ಫೋನ್ ಬಂತು.

"ತಮ್ಮಾ, ದವಾಖಾನ್ಯಾಗ ಅದೀನಿ. ಮಗಳ ಕೈ ಹಿಡಕೊಂಡೀನಿ. ಈಗ ನಕ್ಕೊಂತ ಒಳಗ ಹೊಂಟಾಳ ನೋಡು."

ನಾ ಅಲ್ಲೇ ಗಾಲಿ ಬಾಜೂಕ ನಿಂತು ದೇವರಿಗೆ ಕೈ ಮುಗಿದೆ.

"ನೀ ಮನಿ ಮುಟ್ಟಿ ಊಟಾ ಮಾಡಿದಿಯೇನು?"

"ಇಲ್ರಿ ಕಾಕು. ಇನ್ನೂ ಬೆಳಗಾವಿ ಬಾಜೂಕ ಅದೀನಿ."

ಕಾಕು ಖರೇನ ಮರುಗಿ ಅಂದ್ಲು, "ಅಯ್ಯ ನನ್ನಪ್ಪಾ, ನೀನೂ ನನ್ನ ಜೋಡಿ ಹೈದರಾಬಾದಿಗೆ ಬಂದಿದ್ರ ಇಷ್ಟೊತ್ತಿಗೆ ಹೊಳ್ಳಿ ಮನಿ ಮುಟ್ಟಿರ್ತಿದ್ದಿ."