ಹೊಸ ಬೆಲ್ಟಿನ ಮೊದಲ ದಿನ

ಅಂಗಡಿಯ ಮುಂದೆ ಅಷ್ಟು ಜನ ನಿಂತಿರದಿದ್ದರೆ ಸೆಲ್ಬಿಯ ಗಾಡಿಯ ಬೆಲ್ಟು ಕಿತ್ತುಹೋಗುತ್ತಿರಲಿಲ್ಲ. ನಿಂತಿದ್ದರು. ಅವನು ನಿಂತಲ್ಲಿಂದಲೇ ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿದ.

ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಆ ಕೊಲ್ಲಿಯಲ್ಲೆಲ್ಲ ಹಿಮದ ಮೇಲೆ ಓಡುವ ಅಷ್ಟು ಬಲದ ಸ್ನೋಮೊಬೈಲ್ ಇನ್ನೊಂದಿರಲಿಲ್ಲ. ಗಾಡಿ ಒಮ್ಮೆ ಗುಡುಗಿತು, ಬಾನೆಟ್ಟಿನೊಳಗೆ ಢಬ್ ಎಂದಿತು, ಆಮೇಲೆ ಉಂಡು ಮಲಗಿದ ಸೀಲ್ ಪ್ರಾಣಿಯಂತೆ ಹಿಮದ ಮೇಲೆ ಬಿದ್ದುಕೊಂಡಿತು. ಬಾನೆಟ್ ಎತ್ತಿದರೆ ರಬ್ಬರು ಸುಟ್ಟ ಹೊಗೆ. ಎಂಜಿನ್ನಿನ ಬಲವನ್ನು ಗಾಡಿಗೆ ಮುಟ್ಟಿಸುವ ಬೆಲ್ಟು ನೂಡಲ್ಸಿನ ಹಾಗೆ ಎಳೆ ಎಳೆಯಾಗಿ ಹೊರಗೆ ಬಂತು. ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದ ಬೆಲ್ಟನ್ನು ಅವನು ಹೋದ ವಾರ ಇದೇ ಜಾಗದಲ್ಲಿ, ಇದೇ ಜನರ ಮುಂದೆ ಮುಗಿಸಿದ್ದ.

ಬೇರೆ ದಿನವಾಗಿದ್ದರೆ ನಗುತ್ತಿದ್ದ. ಇವತ್ತು ಹೆಂಡತಿ ವರ್ನಾಳ ಹುಟ್ಟುಹಬ್ಬ. ಬೆಳಿಗ್ಗೆ ಅವಳು ಬ್ರೆಡ್ಡಿನ ಹಿಟ್ಟು ನಾದುತ್ತಲೇ ಹೇಳಿದ್ದಳು:

"ಸಂಜೆ ಊಟದ ಹೊತ್ತಿಗೆ ನಮ್ಮಮ್ಮ ಇಲ್ಲಿರ್ಬೇಕು. ಆ ದೆವ್ವದ ಗಾಡೀಲಿ ಒಬ್ಬ ಮುದುಕೀನ ಆಚೆ ದಡದಿಂದ ಕರ್ಕೊಂಡು ಬರೋಕಾಗಲ್ಲ ಅಂದ್ರೆ, ನಾಳೇನೇ ಮಾರಿ ಎರಡು ಸೀಟಿಂದು ತರೋಣ. ಸೌದೆ ಎಳೆಯೋಕಾದ್ರೂ ಆಗತ್ತೆ."

ಅವಳು ಹಿಟ್ಟನ್ನು ಮೇಜಿಗೆ ಬಡಿದ ರೀತಿ ನೋಡಿದರೆ ತಮಾಷೆಗೆ ಹೇಳಿದಂತಿರಲಿಲ್ಲ.

ಸೆಲ್ಬಿ ರಬ್ಬರಿನ ಎಳೆಗಳನ್ನು ಬೊಗಸೆಯಲ್ಲಿ ಹಿಡಿದುಕೊಂಡು ಅಂಗಡಿಯೊಳಗೆ ಹೋದ. ಅಂಗಡಿಯ ಹೆಟ್ಟಿಯಕ್ಕ ಕನ್ನಡಕ ಸರಿಮಾಡಿಕೊಂಡಳು.

"ನಂಬರ್ ನೋಡ್ಬೇಕು, ಹಳೇ ಬೆಲ್ಟು ಕೊಡೋ ಅಂದ್ರೆ ನೂಲಿನ ಉಂಡೆ ತಂದಿದ್ದೀಯಲ್ಲೋ. ಹಿಂದಿನ ಶೆಡ್ಡಲ್ಲಿ ಹುಡುಕ್ಬೇಕು. ಗಿರಾಕಿಗಳನ್ನ ಕಳಿಸಿ ನೋಡ್ತೀನಿ, ಕೂತ್ಕೋ."

ಕೂತಿದ್ದರೆ ಆಗುತ್ತಿತ್ತು. ಆದರೆ ಒಲೆಯ ಪಕ್ಕದಲ್ಲಿ ಆಂಬ್ರೋಸ್ ದೊಡ್ಡಪ್ಪ ಚಹಾ ಕುಡಿಯುತ್ತಿದ್ದರು.

"ಬೆಲ್ಟಿಗೆಂಥಾ ನಂಬರೋ? ಬೆಲ್ಟು ಅಂದ್ರೆ ಬೆಲ್ಟು. ನನ್ನ ಗಾಡೀಲೊಂದು ಸ್ಪೇರ್ ಬಿದ್ದಿದೆ, ತಗೊಂಡು ಹೋಗು."

ದೊಡ್ಡಪ್ಪನ ಗಾಡಿ ಹಳೆಯದು, ಸಣ್ಣದು, ಅದರ ಬೆಲ್ಟೂ ಸಣಕಲು. ಸೆಲ್ಬಿ ಅದನ್ನು ತೊಡಿಸಿ ಶುರು ಮಾಡಿದ. ಎಂಜಿನ್ನು ಊರೆಲ್ಲ ಕೇಳುವಂತೆ ಅರಚಿತು. ಗಾಡಿ ಒಂದು ಅಂಗುಲವೂ ಕದಲಲಿಲ್ಲ. ಇನ್ನಷ್ಟು ಒತ್ತಿದ. ಗಾಡಿ ಥಟ್ಟನೆ ಕಪ್ಪೆಯ ಹಾಗೆ ನೆಗೆದು ಸೆಲ್ಬಿಯನ್ನು ಹಿಮದ ಗುಡ್ಡೆಗೆ ಎಸೆದು, ಬೆಲ್ಟನ್ನು ಎರಡು ತುಂಡು ಮಾಡಿ ನಿಂತಿತು.

"ನನ್ನ ಗಾಡೀಲಿ ಚೆನ್ನಾಗಿತ್ತಪ್ಪ," ಎಂದರು ದೊಡ್ಡಪ್ಪ, ನೊಂದುಕೊಂಡು.

ಅಷ್ಟರಲ್ಲಿ ವಿಲ್ಫ್ ಬಂದ. ವಿಮಾನ ಇಳಿಯುವ ಜಾಗದಲ್ಲಿ ಹಿಮ ತೆಗೆಯುವವನು; ಎಂಜಿನ್ನುಗಳ ವಿಷಯದಲ್ಲಿ ಅವನನ್ನು ಯಾರೂ ಏನೂ ಕೇಳುವ ಅಗತ್ಯವಿರಲಿಲ್ಲ, ತಾನಾಗಿಯೇ ಹೇಳುತ್ತಿದ್ದ.

"ಬಲದ ಗಾಡಿಗೆ ಅಗಲದ ಬೆಲ್ಟು ಹಾಕ್ಬೇಕು ಮಾರಾಯ. ನನ್ನ ಹತ್ರ ಇದೆ, ಗಟ್ಟಿ ಅಂದ್ರೆ ಗಟ್ಟಿ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರತ್ತೆ."

ಆ ಬೆಲ್ಟನ್ನು ತೊಡಿಸಲು ಮೂವರು ಬೇಕಾಯಿತು. ಎಂಜಿನ್ ಶುರುವಾಯಿತು. ಸೆಲ್ಬಿ ಇಳಿದು ಕೈಗವಸು ಹಾಕಿಕೊಳ್ಳುತ್ತಿದ್ದ. ಬೆಲ್ಟು ಅಗಲವಾದದ್ದಕ್ಕೆ ಕ್ಲಚ್ಚು ಅದನ್ನು ಕಚ್ಚಿಕೊಂಡೇ ಇತ್ತು. ಗಾಡಿ ಯಾರ ಅಪ್ಪಣೆಯನ್ನೂ ಕೇಳದೆ ಮೆಲ್ಲಗೆ ಹೊರಟಿತು. ಅಂಗಡಿ ದಾಟಿತು, ಪಾದ್ರಿಗಳ ಹಿತ್ತಿಲಿಗೆ ನುಗ್ಗಿತು, ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಹಾದು ಆಚೆ ಬಂತು. ಈಗ ಅದರ ಸೀಟಿನ ಮೇಲೆ ಪಾದ್ರಿಗಳ ಕತ್ತಿನಿಂದ ಕಾಲಿನವರೆಗಿನ ಒಳಉಡುಪು, ಚಳಿಗೆ ಹಲಗೆಯಂತೆ ಸೆಟೆದದ್ದು, ಎರಡೂ ತೋಳು ಮುಂದೆ ಚಾಚಿ ಸವಾರಿ ಮಾಡುತ್ತಿತ್ತು.

"ನೋಡೋ, ನಿನಗಿಂತ ಪಾದ್ರಿಗಳೇ ಚೆನ್ನಾಗಿ ಓಡಿಸ್ತಾರೆ!" ಎಂದು ಆಂಬ್ರೋಸ್ ದೊಡ್ಡಪ್ಪ ಕೂಗಿದರು.

ಸೆಲ್ಬಿ ಓಡಿಹೋಗಿ ಗಾಡಿಯನ್ನು ಹಿಡಿದ. ಒಳಉಡುಪನ್ನು ಹಗ್ಗಕ್ಕೆ ಒರಗಿಸಿ, ತಲೆ ತಗ್ಗಿಸಿಕೊಂಡು ಅಂಗಡಿಗೆ ಬಂದ.

ಹೆಟ್ಟಿಯಕ್ಕ ಶೆಡ್ಡಿನಿಂದ ಬೆಲ್ಟು ತಂದಿದ್ದಳು. ನಂಬರು ಸರಿ, ಅಗಲ ಸರಿ, ಉದ್ದ ಸರಿ.

"ಇರೋದು ಇದೊಂದೇ. ಮುಂದಿಂದು ಯಾವಾಗ ಬರತ್ತೋ ಆ ಸಾಮಾನು ತರೋ ವಿಮಾನಕ್ಕೇ ಗೊತ್ತು. ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ತೊಳಿ, ಒಣಗಿಸಿ ಹಾಕು. ಮತ್ತೆ ಕೇಳಿಲ್ಲಿ, ಹೊಸ ಬೆಲ್ಟು ಪಳಗಬೇಕು. ಇವತ್ತು ಪೂರ್ತಿ ನಿಧಾನಕ್ಕೆ ಹೋಗು. ಒಂದೇ ಒಂದ್ಸಲ ನಿನ್ನ ಚಾಳಿ ತೋರಿಸಿದ್ರೂ ಸಂಜೆಗೆ ಮತ್ತೆ ನೂಲಿನ ಉಂಡೆ."

ಸೆಲ್ಬಿ ಅಡುಗೆಮನೆಯ ತೊಟ್ಟಿಯಲ್ಲಿ ಬೆಲ್ಟನ್ನು ತೊಳೆದು, ಟವೆಲಿನಲ್ಲಿ ಸುತ್ತಿ, ಸಂದುಸಂದಿನ ನೀರು ಒರೆಸಿದ. ವರ್ನಾ ಬಾಗಿಲಲ್ಲಿ ನಿಂತು ನೋಡಿದಳು.

"ನಿನ್ನ ಮಗಳಿಗೆ ಒಂದು ದಿನ ಹೀಗೆ ಸ್ನಾನ ಮಾಡಿಸಿದ್ದಿದ್ರೆ!"

ಮಧ್ಯಾಹ್ನ ಅವನು ಗಾಡಿಯ ಹಿಂದೆ ಹಿಮದ ಮೇಲೆ ಜಾರುವ ಮರದ ಬಂಡಿ ಕಟ್ಟಿ, ಅದರ ಪೆಟ್ಟಿಗೆಯಲ್ಲಿ ರಜಾಯಿ ಹಾಸಿ, ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಹೊರಟ. ಆಕ್ಸಿಲರೇಟರ್ ಒತ್ತಲು ಹೆಬ್ಬೆರಳು ತುರಿಸುತ್ತಿತ್ತು. ಆಂಬ್ರೋಸ್ ದೊಡ್ಡಪ್ಪ ತಮ್ಮ ಹಳೆಯ ಗಾಡಿಯಲ್ಲಿ ಹಿಂದಿನಿಂದ ಬಂದು, ಪಕ್ಕದಲ್ಲಿ ಸ್ವಲ್ಪ ಹೊತ್ತು ಸಾಗಿ, ಟೋಪಿ ಎತ್ತಿ ಮುಂದೆ ಹೋದರು. ಯಾರದೋ ಮನೆಯ ನಾಯಿ ಜೊತೆಯಲ್ಲಿ ಓಡುತ್ತಾ ಬಂತು. ಅದಕ್ಕೂ ಬೇಸರವಾಗಿ ಮುಂದೆ ಹೋಯಿತು.

ಅತ್ತೆ ಡ್ರುಸಿಲ್ಲಾ ಬಾಗಿಲಲ್ಲೇ ತಡೆದಳು.

"ಆ ರಾಕ್ಷಸನ ಹಿಂದೆ ನಾ ಬರಲ್ಲ. ಸಾಯೋದಾದ್ರೆ ಹಾಸಿಗೇಲಿ ಸಾಯ್ತೀನಿ."

"ನಿಧಾನಕ್ಕೆ ಹೋಗ್ತೀನಿ ಅತ್ತೆ."

"ನೀನು? ನಿಧಾನ?"

"ಈ ಹಗ್ಗದ ಒಂದು ತುದಿ ನನ್ನ ಸೊಂಟಕ್ಕೆ ಕಟ್ಕೋತೀನಿ. ಹೆದರಿಕೆ ಆದ್ರೆ ಎಳೀರಿ, ನಿಲ್ಲಿಸ್ತೀನಿ."

ಮುದುಕಿ ಪ್ರಾರ್ಥನೆ ಹೇಳಿಕೊಂಡು ಪೆಟ್ಟಿಗೆಯೊಳಗೆ ಕೂತಳು. ದಾರಿಯುದ್ದಕ್ಕೂ ಹಗ್ಗ ಅಲುಗಲಿಲ್ಲ. ಸೆಲ್ಬಿ ಎರಡು ಸಲ ನಿಲ್ಲಿಸಿ, ಇದ್ದಾಳೋ ಇಲ್ಲವೋ ಎಂದು ತಿರುಗಿ ನೋಡಿದ.

ವರ್ನಾ ಮೇಜಿನ ಮೇಲೆ ತಟ್ಟೆಗಳನ್ನು ಇಡುತ್ತಿರುವಾಗ ಗಾಡಿ ಅಂಗಳಕ್ಕೆ ಬಂತು. ಬೆಲ್ಟು ಸಾಬೂತು, ಅತ್ತೆಯೂ ಸಾಬೂತು. ವರ್ನಾ ಗಂಡನನ್ನು ನೋಡಿ, ತಾಯಿಯನ್ನು ನೋಡಿ, "ಸರಿ ಹೋಗು, ಮಾರಲ್ಲ," ಎಂದಳು. ಸೆಲ್ಬಿಗೆ ಬಾಗಿಲು ಸಾಲದಷ್ಟು ಎದೆ ಉಬ್ಬಿತು. ನಾಳೆಗೆ ಬೆಲ್ಟು ಪಳಗಿರುತ್ತದೆ. ನಾಳೆ ಅಂಗಡಿಯ ಮುಂದೆ, ಆ ವಿಲ್ಫನ ಕಣ್ಣೆದುರಿಗೇ...

"ವರ್ನಾ, ಇದು ಗಾಡಿ ಅಂದ್ರೆ!" ಅತ್ತೆ ಚೀಲದಿಂದ ಹೆಣಿಗೆ ತೆಗೆದು ತೋರಿಸಿದಳು. "ಬರ್ತಾ ಬರ್ತಾ ಅರ್ಧ ಕಾಲುಚೀಲ ಹೆಣೆದೆ ನೋಡೇ. ಒಂದು ಕುಣಿಕೇನೂ ಜಾರ್ಲಿಲ್ಲ. ತೊಟ್ಟಿಲಲ್ಲಿ ಕೂತ ಹಾಗಿತ್ತು. ನಾನಿನ್ನು ಹಿಮ ಕರಗೋವರೆಗೂ ಇಲ್ಲೇ ಇರ್ತೀನಿ. ನಾಳೆ ಚರ್ಚು, ನಾಡಿದ್ದು ಹೆಟ್ಟಿ ಮನೆ, ಆಮೇಲೆ ಮೀನು ಹಿಡಿಯೋಕೆ. ಎಲ್ಲಾದಕ್ಕೂ ಅಳಿಯಂದ್ರೇ ಕರ್ಕೊಂಡು ಹೋಗ್ಲಿ. ಇದೇ ಗಾಡಿ, ಇದೇ ವೇಗ."

"ಅತ್ತೆ, ನಾಳೆಯಿಂದ ಸ್ವಲ್ಪ ಜೋರಾಗಿ..."

"ಇದೇ ವೇಗ," ಎಂದಳು ವರ್ನಾ.

ಸೆಲ್ಬಿ ಉಪ್ಪುಮೀನನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ವರ್ನಾ, ನೀ ಹೇಳಿದ್ದೇ ಸರಿ ಕಣೇ. ಆ ಎರಡು ಸೀಟಿಂದು, ಸೌದೆಗೂ ಆಗತ್ತೆ. ನಾಳೆ ಇದನ್ನ ಮಾರಿಬಿಡೋಣ."

"ಬಾಯಿ ಮುಚ್ಕೊಂಡು ಉಣ್ಣು," ಎಂದಳು ವರ್ನಾ, ತಾಯಿಯ ತಟ್ಟೆಗೆ ಇನ್ನೊಂದು ಮೀನು ಬಡಿಸುತ್ತಾ. "ಅಮ್ಮನ ಗಾಡಿ ಮಾರೋಕೆ ನೀನ್ಯಾರು?"