ಸಿಂಹ ನೋಡಿ ಬಂದವರ ಸಹವಾಸ

ಪ್ರಾಣಿಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವು ಅವುಗಳ ಪಾಡಿಗೆ ಇರುತ್ತವೆ, ನಾನು ನನ್ನ ಪಾಡಿಗೆ ಇರುತ್ತೇನೆ. ನನ್ನ ತಕರಾರೆಲ್ಲ ಪ್ರಾಣಿಗಳನ್ನು ನೋಡಿ ಬಂದ ಮನುಷ್ಯರ ಬಗ್ಗೆ. ಯಾವ ಸಿಂಹವೂ ಇನ್ನೊಂದು ಸಿಂಹದ ಮನೆಗೆ ಊಟಕ್ಕೆ ಹೋಗಿ, ಮೊನ್ನೆ ಒಬ್ಬ ಡಾಕ್ಟರನ್ನು ಇಷ್ಟು ಹತ್ತಿರದಿಂದ ನೋಡಿದೆ ಎಂದು ಪಾಯಸ ಆರಿ ಕೆನೆಗಟ್ಟುವವರೆಗೆ ವರ್ಣಿಸುವುದಿಲ್ಲ. ಡಾಕ್ಟರು ವರ್ಣಿಸುತ್ತಾರೆ. ಕೈಯಲ್ಲಿ ಪಾಯಸದ ಬಟ್ಟಲು ಹಿಡಿದವನು ಎದ್ದು ಹೋಗುವಂತಿಲ್ಲ, ಉಣ್ಣುವಂತಿಲ್ಲ, 'ಹೌದಾ' ಎನ್ನುತ್ತ ಕುಳಿತಿರಬೇಕು.

ನಾವು ಕ್ಯಾಂಟನ್ನಿಗೆ ಬಂದ ಹೊಸದರಲ್ಲಿ, ಅಂದರೆ ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ನಮ್ಮವರ ಪ್ರವಾಸಕ್ಕೊಂದು ಮರ್ಯಾದೆ ಇತ್ತು. ಊರಿಂದ ಅತ್ತೆ ಮಾವ ಬಂದರೆ ನಯಾಗರಾ, ಮಕ್ಕಳಿಗೆ ರಜೆ ಬಂದರೆ ಫ್ಲಾರಿಡಾ, ಪಾಪ ಹೆಚ್ಚಾಯಿತು ಅನ್ನಿಸಿದರೆ ಅರೋರಾದ ಬಾಲಾಜಿ. ಯಾರು ಎಲ್ಲಿಗೆ ಹೋದರೂ ಎಲ್ಲರೂ ಅದನ್ನೇ ನೋಡಿ ಬಂದಿರುತ್ತಿದ್ದರಿಂದ ಯಾರೂ ಯಾರಿಗೂ ಏನೂ ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಆಮೇಲೆ ಕೈಯಲ್ಲಿ ನಾಲ್ಕು ಕಾಸಾಡತೊಡಗಿ ಅಲಾಸ್ಕಾದ ಹಡಗು ಶುರುವಾಯಿತು. ಅದೂ ಹಳತಾಗಿ, ಪಕ್ಕದ ಬಡಾವಣೆಯವರೆಲ್ಲ ಹಿಮಗಡ್ಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಾದ ಮೇಲೆ ಆಫ್ರಿಕಾ ಬಂತು. ನಮ್ಮ ಬಳಗಕ್ಕೆ ಅದನ್ನು ತಂದವರು ಡಾಕ್ಟರ್ ಪಾಟೀಲರು.

ಪಾಟೀಲರು ವಿಜಾಪುರದ ಕಡೆಯವರು, ಅರೋರಾದಲ್ಲಿ ಹೃದಯದ ವೈದ್ಯರು. ಬಾಲಾಜಿ ದರ್ಶನಕ್ಕೆ ಹೋದಾಗಲೆಲ್ಲ ಅವರ ಮನೆಯಲ್ಲೇ ನಮ್ಮ ಠಿಕಾಣಿ. ನಾನು ಅಷ್ಟು ದೂರ ಡ್ರೈವ್ ಮಾಡುವುದು ಪಾಟೀಲರ ಹೆಂಡತಿ ಕಸ್ತೂರಿಯವರ ಜೋಳದ ರೊಟ್ಟಿ, ಎಣ್ಣೆಗಾಯಿಗೇ ಹೊರತು ಬಾಲಾಜಿಗಲ್ಲ ಎಂದು ನನ್ನ ಹೆಂಡತಿ ಮಾಲತಿ ಹೇಳುತ್ತಾಳೆ. ಬಾಲಾಜಿಗೂ ಅದು ಗೊತ್ತಿರಬಹುದು. ಪ್ರತಿ ಭಾನುವಾರ ಪಾಟೀಲರ ಫೋನು ಬರಬೇಕು, ಗಂಟೆಗಟ್ಟಲೆ ಹರಟಬೇಕು. ಇಲ್ಲದಿದ್ದರೆ ನನಗೆ ಸೋಮವಾರ ಕೆಲಸಕ್ಕೆ ಹೋಗಲು ಕಾಲೇ ಬರುತ್ತಿರಲಿಲ್ಲ. ಅಂಥ ಸಜ್ಜನ ಒಂದು ಬೇಸಿಗೆಯಲ್ಲಿ ಕೆನ್ಯಾಕ್ಕೆ ಹೋಗಿ ಬಂದದ್ದೇ ಬೇರೆ ಮನುಷ್ಯರಾದರು. ಮೈತುಂಬ ಜೇಬಿರುವ ಖಾಕಿ ಅಂಗಿಯೊಂದು ಅವರಿಗೆ ಅಂಟಿಕೊಂಡಿತು. ದೇವಸ್ಥಾನಕ್ಕೂ ಅದೇ. ಅಷ್ಟು ಜೇಬುಗಳಲ್ಲಿ ಏನಿಟ್ಟಿದ್ದೀರಿ ಎಂದು ಕೇಳಿದರೆ ಒಂದರಿಂದ ಕುಂಕುಮದ ಪೊಟ್ಟಣ ತೆಗೆದು ತೋರಿಸಿದರು, ಉಳಿದವು ಖಾಲಿ. ಕಾಡನ್ನು ಕಾಡು ಎನ್ನುವುದನ್ನು ಬಿಟ್ಟು 'ಬುಷ್' ಎನ್ನತೊಡಗಿದರು. ನಾನು ಬಾಯಿತಪ್ಪಿ ಚಿರತೆ ಎಂದರೆ, ಚಿರತಿ ಬ್ಯಾರೆ, ಚೀತಾ ಬ್ಯಾರೆ, ಚೀತಾಕ್ಕ ಕಣ್ಣೀರು ಸುರಿದಂಗ ಮುಖದ ಮ್ಯಾಲೆ ಕರೀ ಗೆರಿ ಇರ್ತಾವು ಎಂದು ತಿದ್ದುತ್ತಿದ್ದರು.

ಇಷ್ಟೆಲ್ಲ ಕಂಡು ಬಂದರೂ ಅವರಿಗೊಂದು ಕೊರಗು ಉಳಿದಿತ್ತು. 'ಕಿಲ್' ನೋಡಲಿಲ್ಲವಂತೆ. ಅಂದರೆ ಒಂದು ಪ್ರಾಣಿ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವುದು ಕಣ್ಣಿಗೆ ಬೀಳಲಿಲ್ಲ. ವರ್ಷವಿಡೀ ನಿಂತ ಹೃದಯಗಳನ್ನು ಓಡಿಸುವ ಮನುಷ್ಯನಿಗೆ ರಜೆಯಲ್ಲಿ ಓಡುವ ಹೃದಯವೊಂದು ನಿಲ್ಲುವುದನ್ನು ನೋಡುವ ಆಸೆ. ಅದಕ್ಕಾಗಿ ಮುಂದಿನ ಜುಲೈನಲ್ಲಿ ಮತ್ತೆ ಹೊರಟರು. ಈ ಸಲ ಕಸ್ತೂರಿಯವರು ಖಂಡಿತ ಬರುವುದಿಲ್ಲವೆಂದರು. ಮಲಗಿದ ಸಿಂಹವನ್ನು ಒಮ್ಮೆ ನೋಡಿದರೆ ಸಾಕು, ಅದು ಮಗ್ಗುಲು ಬದಲಿಸುವುದನ್ನು ನೋಡಲು ಮತ್ತೆ ಅಷ್ಟು ದೂರ ಹೋಗಲಾರೆ ಎಂದರು. ಅವರ ಬುದ್ಧಿವಂತಿಕೆಗೆ ನಾನು ತಲೆದೂಗುತ್ತಿರುವಾಗಲೇ, ಮಗಳು ಸಿಂಚನಾಳನ್ನು ಕಸ್ತೂರಿಯವರ ಹತ್ತಿರ ಬಿಟ್ಟು ನಾವಿಬ್ಬರೂ ಪಾಟೀಲರ ಜೊತೆ ಹೋಗುವುದೆಂದು ಮಾಲತಿ ತೀರ್ಮಾನಿಸಿಬಿಟ್ಟಿದ್ದಳು. "ನೋಡದೇನೇ ಎಷ್ಟು ದಿನ ಅಂತ ಬೈತೀರಿ? ನೋಡಿ ಬಂದು ಬೈರಿ. ನಾನು ರಜಕ್ಕೆ ಅಪ್ಲೈ ಮಾಡಿದೀನಿ," ಎಂದಳು. ವಾದದಲ್ಲಿ ಹುರುಳಿತ್ತು. ನೋಡಿ ಬಂದು ಬೈಯುವುದಕ್ಕಿರುವ ಅಧಿಕಾರವೇ ಬೇರೆ. ಹೊರಟೆ.

ನನ್ನ ಉದ್ಯೋಗದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಸ್ಟರ್ಲಿಂಗ್ ಹೈಟ್ಸಿನ ಕಾರು ಕಂಪನಿಯಲ್ಲಿ ನಾನು ಕಾರಿನ ಬಾಗಿಲುಗಳ ಎಂಜಿನಿಯರು. ಬಾಗಿಲು ಮುಚ್ಚಿದಾಗ ಹೊರಗಿನ ಗಾಳಿ, ಮಳೆ, ಸದ್ದು ಒಳಗೆ ಬರಬಾರದು, ಅಷ್ಟೇ ನನ್ನ ಕೆಲಸ. ಕೆನ್ಯಾದ ಕ್ಯಾಂಪಿನಲ್ಲಿ ಮೊದಲ ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಬಂದ ಜೀಪಿಗೆ ಬಾಗಿಲೇ ಇರಲಿಲ್ಲ. ಮುರಿದು ಹೋಗಿದೆಯೇ ಎಂದು ಗೈಡ್ ಡೇನಿಯಲ್‌ನನ್ನು ವಿಚಾರಿಸಿದೆ. ಬೇಕೆಂದೇ ಇಟ್ಟಿಲ್ಲ, ಚೆನ್ನಾಗಿ ಕಾಣಿಸಲಿ ಅಂತ ಎಂದ. ಏನು ಕಾಣಿಸಲಿ ಎನ್ನುವುದು ಅರ್ಧ ಗಂಟೆಯಲ್ಲಿ ತಿಳಿಯಿತು. ಪೊದೆಯ ಹಿಂದಿನಿಂದ ಆನೆಯೊಂದು ಬಂದು ನನ್ನ ಪಕ್ಕದಲ್ಲಿ, ಸೊಂಡಿಲು ಚಾಚಿದರೆ ಕನ್ನಡಕ ತೆಗೆದುಕೊಳ್ಳಬಹುದಾದಷ್ಟು ಹತ್ತಿರ ನಿಂತಿತು. ನನ್ನ ಬಲಗೈ ತಾನಾಗಿ ಗಾಳಿಯಲ್ಲಿ ಬಾಗಿಲಿನ ಹಿಡಿ ಹುಡುಕುತ್ತಿತ್ತು. ಆನೆ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಏನನ್ನಿಸಿತೋ, ಹೊರಟುಹೋಯಿತು. ಡೇನಿಯಲ್ ಇಂಗ್ಲಿಷಿನಲ್ಲಿ, ಸರ್, ಪ್ರಾಣಿಗಳ ಮುಂದೆ ಕೈಕಾಲು ಆಡಿಸಬೇಡಿ, ದನಿ ಎತ್ತಬೇಡಿ ಎಂದು ಎಚ್ಚರಿಸಿದ. ಒಳ್ಳೆಯ ಹುಡುಗ.

ಇನ್ನು ಗೇಮ್ ಡ್ರೈವ್, ಅಂದರೆ ಪ್ರಾಣಿ ನೋಡಲು ಜೀಪಿನಲ್ಲಿ ಸುತ್ತುವುದರ ವಿಚಾರ. ಅದರಲ್ಲಿ ಗೇಮೂ ಇಲ್ಲ, ಡ್ರೈವೂ ಇಲ್ಲ. ಸೂರ್ಯ ಹುಟ್ಟುವ ಮೊದಲೇ ಎಬ್ಬಿಸಿ, ಕಂಬಳಿ ಹೊದೆಸಿ, ಧೂಳು ಕುಡಿಸುತ್ತಾರೆ. ಗೈಡುಗಳೆಲ್ಲ ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತಾರೆ. ಒಬ್ಬನಿಗೆ ಸಿಂಹದ ಬಾಲ ಕಂಡರೆ ಕಾಡಿನ ಜೀಪುಗಳೆಲ್ಲ ಅತ್ತ ನುಗ್ಗುತ್ತವೆ. ಸಂಜೆ ಆಫೀಸು ಬಿಟ್ಟ ಹೊತ್ತಿನಲ್ಲಿ ನಮ್ಮೂರ ಹೆದ್ದಾರಿಯ ಫೋರ್ಡ್ ರೋಡ್ ಎಕ್ಸಿಟ್ಟಿನಲ್ಲಿ ಎಷ್ಟು ಕಾರು ನಿಂತಿರುತ್ತವೋ ಅಷ್ಟು ಜೀಪು ಒಂದು ಮರದ ಸುತ್ತ. ಮರದ ಕೆಳಗೆ ಗೃಹಪ್ರವೇಶದ ಊಟ ಮುಗಿಸಿದ ಅಂಕಲ್ ಒಬ್ಬರು ಹೊಟ್ಟೆ ಮೇಲೆ ಮಾಡಿ ಮಲಗಿದ ಹಾಗೆ ಸಿಂಹ. ಅದು ಕಿವಿ ಅಲುಗಿಸಿದರೆ ಕ್ಯಾಮೆರಾಗಳೆಲ್ಲ ಒಟ್ಟಿಗೆ ಕಟಕಟ ಎನ್ನುತ್ತಿದ್ದವು. ಸಿಂಹ ಆಕಳಿಸಿದಾಗ ನಮ್ಮ ಜೀಪಿನಲ್ಲಿದ್ದ ಒಹಾಯೋದ ನಿವೃತ್ತ ಶಿಕ್ಷಕಿ ಕಣ್ಣೊರೆಸಿಕೊಂಡರು. ಆಕಳಿಕೆ ನೋಡಿ ಅಳುವವರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಆಕೆಯ ಗಂಡನಿಗೆ ಸಫಾರಿಯ ಪಟ್ಟಿಯಲ್ಲಿರುವ ಐದು ದೊಡ್ಡ ಪ್ರಾಣಿಗಳನ್ನೂ ನೋಡಿಯೇ ತೀರಬೇಕೆಂಬ ಹಟ. ಖಡ್ಗಮೃಗವೊಂದು ಬಾಕಿಯೆಂದು ದಾರಿಯಲ್ಲಿ ಜಿರಾಫೆ ನಿಂತಿದ್ದರೂ ಆತ ತಲೆ ಎತ್ತುತ್ತಿರಲಿಲ್ಲ. ಅಷ್ಟೆತ್ತರದ ಪ್ರಾಣಿಗೆ ಅಂಥ ಅವಮಾನ ಬೇರೆಲ್ಲೂ ಆಗಿರಲಾರದು. ಪಾಟೀಲರಂತೂ ಸಿಂಹ, ಆನೆ ಯಾವುದನ್ನೂ ಲೆಕ್ಕಕ್ಕಿಡದೆ, ಕಿಲ್ ಎಲ್ಲಿ, ಕಿಲ್ ಎಲ್ಲಿ ಎಂದು ಡೇನಿಯಲ್‌ನ ಬೆನ್ನು ತಟ್ಟುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕುಳಿತು ಇವರೆಲ್ಲರನ್ನೂ ನೋಡುತ್ತ ಮನಸ್ಸಿನಲ್ಲಿಯೇ ಬೈಗುಳಗಳನ್ನು ಹದ ಮಾಡಿಕೊಳ್ಳುತ್ತಿದ್ದೆ.

ಕೊನೆಗೂ ಒಂದು ಬೆಳಿಗ್ಗೆ ಚೀತಾ ಸಿಕ್ಕಿತು. ಹುಲ್ಲಿನ ದಿಬ್ಬದ ಮೇಲೆ ನಿಂತು, ಜಿಂಕೆಗಳ ಹಿಂಡೊಂದನ್ನು ನೋಡುತ್ತಿತ್ತು. ಹಿಂಡಿನಿಂದ ಸ್ವಲ್ಪ ಈಚೆ ಒಂದು ಮರಿ. ಅದಕ್ಕೆ ಕಾಲುಗಳನ್ನು ಎಲ್ಲಿಡಬೇಕೆಂದು ಇನ್ನೂ ಸರಿಯಾಗಿ ಗೊತ್ತಿದ್ದಂತಿರಲಿಲ್ಲ. ಡೇನಿಯಲ್ ಎಂಜಿನ್ ಆರಿಸಿದ. ಪಾಟೀಲರು ಉಸಿರು ಬಿಗಿಹಿಡಿದು ವಿಡಿಯೋ ಕ್ಯಾಮೆರಾ ಎತ್ತಿದರು. ಚೀತಾ ತಲೆ ತಗ್ಗಿಸಿ ಹೆಜ್ಜೆಹೆಜ್ಜೆಯಾಗಿ ಇಳಿಯಿತು. ಆಮೇಲೆ ಓಡಿತು. ಅದು ಓಡಿದ್ದನ್ನು ವರ್ಣಿಸಿ ಪಾಟೀಲರ ಸಾಲಿಗೆ ಸೇರಲು ನನಗಿಷ್ಟವಿಲ್ಲ. ಮರಿ ನಮ್ಮ ಜೀಪಿನತ್ತಲೇ ಬಂತು, ಅದರ ಹಿಂದೆ ಚೀತಾ. ಮರುಕ್ಷಣ ನನಗೆ ಗೊತ್ತಾದದ್ದೆಂದರೆ ಮಾಲತಿ ಸೀಟಿನ ಮೇಲೆ ಎದ್ದು ನಿಂತು, ಅಂಗಳದಲ್ಲಿ ಒಣಹಾಕಿದ ಹಪ್ಪಳಕ್ಕೆ ಬಂದ ಕಾಗೆ ಓಡಿಸುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದಳು. ಚೀತಾ ನಿಂತುಬಿಟ್ಟಿತ್ತು. ಮರಿ ಹಿಂಡು ಸೇರಿ ಹಿಂಡೇ ಮಾಯವಾಗಿತ್ತು. ಧೂಳಿಗೋ ಏನೋ ನನ್ನ ಗಂಟಲು ಕೆರೆಯುತ್ತಿತ್ತು.

ಡೇನಿಯಲ್ ನನ್ನತ್ತ ತಿರುಗಿ, ಬಹಳ ಸಾವಧಾನವಾಗಿ, ಆ ಚೀತಾಕ್ಕೆ ಮರಿಗಳಿವೆ, ಎರಡು ದಿನದಿಂದ ಬೇಟೆ ಸಿಕ್ಕಿಲ್ಲ, ದಯವಿಟ್ಟು ಸದ್ದು ಮಾಡಬಾರದು ಎಂದ. ನಾನು, ಅವಳಿಗೆ ತಿಳಿಸಿ ಹೇಳುತ್ತೇನೆ ಎಂದೆ. ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿ ಜೀಪು ತಿರುಗಿಸಿದ. ಒಹಾಯೋದಾಕೆ ಮಾಲತಿಯ ಕೈ ಹಿಡಿದು ಮೆಲ್ಲಗೆ ಸವರಿದರು. ತಪ್ಪು ಮಾಡಿದವರ ಮೇಲೂ ಎಷ್ಟು ಕರುಣೆ ಎಂದುಕೊಂಡೆ. ಪಾಟೀಲರು ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆದರು.

ಡೇರೆಯಲ್ಲಿ ಮಾಲತಿಗೆ ಸಾಕಷ್ಟು ಹೇಳಿದೆ. ಒಬ್ಬ ಮನುಷ್ಯ ಎರಡು ಸಲ ಸಮುದ್ರ ದಾಟಿ ಬಂದಿದ್ದಾನೆ, ಆಸೆ ಒಳ್ಳೆಯದೋ ಕೆಟ್ಟದ್ದೋ ಅದು ಬೇರೆ ಮಾತು, ಹಾಗೆ ಕೂಗಾಡಿ ಹಾಳುಮಾಡಬಹುದೇ ಎಂದೆಲ್ಲ. ಅವಳು ಕೂದಲಿನ ಧೂಳು ಕೊಡವುತ್ತ ಪೂರ್ತಿ ಕೇಳಿದಳು. "ಆಯ್ತು, ಇನ್ಮೇಲೆ ಚಪ್ಪಾಳೆ ತಟ್ಟಲ್ಲ ಬಿಡಿ," ಎಂದಳು, ಅಷ್ಟೇ. ಮಧ್ಯಾಹ್ನ ಚಹಾದ ಹೊತ್ತಿಗೆ ನಾನೇ ಪಾಟೀಲರ ಬಳಿ ಹೋಗಿ, ನಮ್ಮ ಮನೆಯವಳ ಪರವಾಗಿ ಕ್ಷಮೆ ಕೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು. "ವೈನೀದು ಏನ್ ತಪ್ಪೈತ್ರಿ," ಎಂದು ಎದ್ದು ಹೋದರು. ವೈನಿ ಎಂದರೆ ಅವರ ಕಡೆ ಅತ್ತಿಗೆ, ಮಾಲತಿಯನ್ನು ಅವರು ಕರೆಯುವುದೇ ಹಾಗೆ. ಉತ್ತರ ಕರ್ನಾಟಕದವರ ದೊಡ್ಡ ಮನಸ್ಸು ಎಂದುಕೊಂಡೆ.

ಮಾಲತಿಗೆ ಆ ಚೀತಾದ ಮರಿಗಳು ತಲೆಗೆ ಹತ್ತಿದವು. ಸಂಜೆ ಊಟಕ್ಕೆ ಕುಳಿತರೂ ಅವು ಏನಾದರೂ ತಿಂದವೋ ಇಲ್ಲವೋ ಎಂದು ಡೇನಿಯಲ್‌ನನ್ನು ಮತ್ತೆ ಮತ್ತೆ ಕೇಳಿದಳು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಜೀಪು ಹತ್ತಿದವಳು ಅವಳೇ. ತುಂಬ ಹೊತ್ತು ಅಲೆದ ಮೇಲೆ ಒಂದು ಅಕೇಶಿಯಾ ಮರದಡಿ ಆ ಚೀತಾ ಕಂಡಿತು. ಬೇಟೆ ಆಗಲೇ ಮುಗಿದಿತ್ತು. ದೊಡ್ಡ ಜಿಂಕೆಯೊಂದನ್ನು ನಡುವೆ ಹಾಕಿಕೊಂಡು ತಾಯಿ ಮರಿಗಳೆಲ್ಲ ತಿನ್ನುತ್ತಿದ್ದವು, ಮರಿಗಳ ಮುಖವೆಲ್ಲ ಕೆಂಪು. ಪಾಟೀಲರಿಗೆ ಮತ್ತೆ ಕಿಲ್ ತಪ್ಪಿತ್ತು. ಅವರು ಕ್ಯಾಮೆರಾ ಎತ್ತಲೇ ಇಲ್ಲ. ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವ ಮೈಸೂರಿನವಳು ಮಾಲತಿ ಪಾಟೀಲರ ದುರ್ಬೀನು ಇಸಿದುಕೊಂಡು, "ಹೊಟ್ಟೆ ತುಂಬ್ತು ಅನ್ಸತ್ತೆ ಅಲ್ವಾ," ಎನ್ನುತ್ತಿದ್ದಳು. ಪಾಟೀಲರು, "ತುಂಬೇತ್ರಿ ವೈನಿ, ಆ ಸಣ್ಣದರ ಹೊಟ್ಟಿ ನೋಡ್ರಿ," ಎಂದು ತೋರಿಸುತ್ತಿದ್ದರು. ನನ್ನ ಜೊತೆ ಮಾತ್ರ ಮಾತಿಲ್ಲ. ಅವರ ಕಿಲ್ ಹಾಳುಮಾಡಿದವಳ ಜೊತೆ ಹೀಗೆ ಹಲ್ಲು ಕಿರಿಯುವವರು, ಅವಳ ಪರವಾಗಿ ಕ್ಷಮೆ ಕೇಳಿದವನ ಜೊತೆ ಮುಖ ಗಂಟು ಹಾಕಿಕೊಳ್ಳುವುದು ಯಾವ ನ್ಯಾಯ? ನನಗೂ ರೋಷ ಬಂತು. ನಾನೂ ಮಾತು ಬಿಟ್ಟೆ.

ಊರಿಗೆ ಮರಳಿದ ಮೇಲೆ ಭಾನುವಾರದ ಫೋನು ನಿಂತಿತು. ಚಳಿಗಾಲ ಬಂತು, ಹಿಮ ಬಿದ್ದು ಕರಗಿತು, ನಾವು ಅರೋರಾಕ್ಕೆ ಹೋಗಲಿಲ್ಲ. ಹೋಗಲಿ ಬಿಡು, ಖಾಕಿ ಅಂಗಿಯ ಕಾಟ ತಪ್ಪಿತು ಎಂದುಕೊಂಡೆನಾದರೂ ಭಾನುವಾರ ಸಂಜೆ ಫೋನಿನ ಹತ್ತಿರವೇ ಪೇಪರು ಹಿಡಿದು ಕೂರುವುದು ಬಿಟ್ಟಿರಲಿಲ್ಲ. ನಮ್ಮ ಕಡೆಯ ಊಟಗಳಲ್ಲಿ ಮಾತ್ರ ನನ್ನ ಬೈಗುಳ ಭರ್ಜರಿಯಾಗಿ ನಡೆಯಿತು. ಸಿಂಹದ ಆಕಳಿಕೆ, ಜಿರಾಫೆಯ ಅವಮಾನ, ಮಾಲತಿಯ ಚಪ್ಪಾಳೆ. ಚಪ್ಪಾಳೆಯ ಭಾಗಕ್ಕೆ ನಾನೇ ಎದ್ದು ನಿಂತು ಅಭಿನಯಿಸುತ್ತಿದ್ದೆ. ಮಾಲತಿಯೂ ಎಲ್ಲರ ಜೊತೆ ನಗುತ್ತಿದ್ದಳು.

ಯುಗಾದಿ ಊಟ ನಮ್ಮ ಮನೆಯಲ್ಲಿತ್ತು. ನನಗೆ ತಿಳಿಸದೆ ಮಾಲತಿ ಪಾಟೀಲ ದಂಪತಿಗಳನ್ನು ಕರೆದಿದ್ದಳು. ಅವರು ಬಂದದ್ದು ನನಗೆ ಗೊತ್ತಾಗಲಿಲ್ಲ, ಏಕೆಂದರೆ ಆಗ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ನಗು ನಿಂತ ಮೇಲೆ ಬಾಗಿಲ ಬಳಿಯಿಂದ ಪಾಟೀಲರ ದನಿ ಕೇಳಿತು.

"ಶ್ರೀಕಂಠ ಅವರ, ಅರ್ಧಾ ಕತಿ ಹೇಳ್ತೀರಲ್ರಿ. ಮೊದಲ ಒದರಿದವ್ರು ನೀವು. ವೈನಿ ಚಪ್ಪಾಳಿ ತಟ್ಟಿದ್ದು ಆಮ್ಯಾಲ."

ನಾನು ಒದರಲಿಲ್ಲ ಎಂದೆ. ಒದರಿದಿರಿ ಎಂದರು. ಸೀಟಿನ ಮೇಲೆ ಅರ್ಧ ಎದ್ದು, ಬಿಟ್ಬಿಡೋ, ಅದು ಮಗು ಕಣೋ, ಬಿಟ್ಬಿಡೋ ಎಂದು ಕಾಡೆಲ್ಲ ಕೇಳುವಂತೆ ಕೂಗಿದಿರಿ, ಚೀತಾ ಗಕ್ಕನೆ ನಿಂತು ನಿಮ್ಮನ್ನೇ ನೋಡಿತು ಎಂದರು. ಕಿಲ್ ಹೋಯಿತೆಂದು ಅವರಿಗೆ ಸಿಟ್ಟೇ ಬಂದಿರಲಿಲ್ಲವಂತೆ. ಆ ಮರಿ ಓಡಿ ಬಂದಾಗ ಅವರೂ ಕ್ಯಾಮೆರಾ ಇಳಿಸಿಬಿಟ್ಟಿದ್ದರಂತೆ. ಸಿಟ್ಟು ಬಂದದ್ದು ಮಧ್ಯಾಹ್ನ, ನಾನು ಹೋಗಿ ಹೆಂಡತಿಯ ಹೆಸರಿನಲ್ಲಿ ಕ್ಷಮೆ ಕೇಳಿದಾಗ. ನಾನು ಮಾಲತಿಯ ಕಡೆ ನೋಡಿದೆ. "ನಿಮ್ಗೆ ನಿಜವಾಗ್ಲೂ ನೆನಪಿಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು. ಡೇನಿಯಲ್ ಬೈದಿದ್ದು ಯಾರ್ಗೆ ಅಂದ್ಕೊಂಡ್ರಿ? ಅವ್ರೆಲ್ಲಾ ನಿಮ್ಮನ್ನ ನುಂಗೋ ಹಾಗೆ ನೋಡ್ತಿದ್ರು. ನಾನೂ ಒಂದಿಷ್ಟು ಸದ್ದು ಮಾಡಿದ್ರೆ ಅರ್ಧ ನನ್ನ ಪಾಲಿಗೆ ಬರತ್ತೆ ಅಂತ ತಟ್ಟಿದೆ," ಎಂದು ಪಾಟೀಲರ ಕೈಗೆ ಬೇವುಬೆಲ್ಲ ಕೊಟ್ಟಳು.

ಕುಳಿತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಪಾಟೀಲರು ಬಂದು ಪಕ್ಕದಲ್ಲಿ ಕುಳಿತು ಹೆಗಲ ಮೇಲೆ ಕೈ ಹಾಕಿದರು. ಸಿಂಚನಾ ಮಹಡಿ ಮೆಟ್ಟಿಲ ಮೇಲಿಂದಲೇ, "ವೇಯ್ಟ್, ಡ್ಯಾಡ್, ಯೂ ಯೆಲ್ಡ್ ಅಟ್ ಅ ಚೀಟಾ ಇನ್ ಕನ್ನಡ?" ಎಂದು ಕೇಳಿದಳು. ಹೌದಂತೆ ಎಂದೆ. ಊಟಕ್ಕೆ ಬಾ ಎಂದು ಆ ಮಗುವನ್ನು ಅದೇ ಕನ್ನಡದಲ್ಲಿ ಅಂದು ಆಗಲೇ ಮೂರು ಸಲ ಕೂಗಿದ್ದೆ, ಅವಳು ತಲೆ ಎತ್ತಿರಲಿಲ್ಲ. ಎರಡು ದಿನ ಉಪವಾಸವಿದ್ದ ಪ್ರಾಣಿ ಒಂದೇ ಕೂಗಿಗೆ ಊಟ ಬಿಟ್ಟು ನಿಂತು ನನ್ನತ್ತ ನೋಡಿತಂತೆ. ಅದು ನೋಡಿದ್ದನ್ನು ನಾನು ಮಾತ್ರ ನೋಡಲಿಲ್ಲ.